ಭ್ರಷ್ಟಾಚಾರ ತಡೆ ಕಾಯ್ದೆ ಇದ್ದರೂ ಲಂಚ ಏಕೆ ನಿಂತಿಲ್ಲ?

1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಶಿಕ್ಷೆ ಕಡಿಮೆಯೇನಿಲ್ಲ. ಲಂಚ ಪಡೆದ ಸರ್ಕಾರಿ ನೌಕರನಿಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ತೊಡಕಿರುವುದು ಶಿಕ್ಷೆಯವರೆಗಿನ ದಾರಿಯಲ್ಲಿ. ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲು 19ನೇ ಸೆಕ್ಷನ್ ಪ್ರಕಾರ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು; 2018ರ ತಿದ್ದುಪಡಿಯು 17ಎ ಸೆಕ್ಷನ್ ಸೇರಿಸಿ, ಅಧಿಕಾರಿಗಳು ಕೈಗೊಂಡ ತೀರ್ಮಾನಗಳ ಬಗ್ಗೆ ತನಿಖೆ ಆರಂಭಿಸುವುದಕ್ಕೂ ಅನುಮತಿಯನ್ನು ಕಡ್ಡಾಯಗೊಳಿಸಿತು. ಲಂಚ ಪಡೆಯುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವರಿಗೆ ಈ ರಕ್ಷಣೆ ಅನ್ವಯಿಸದ ಕಾರಣ, ಸಾವಿರಗಳ ಲೆಕ್ಕದಲ್ಲಿ ಕೈಚಾಚುವ ಕೆಳಹಂತದ ನೌಕರರು ಬಲೆಗೆ ಬೀಳುವಷ್ಟು ಸುಲಭವಾಗಿ, ಕಡತಕ್ಕೆ ಸಹಿ ಹಾಕಿ ಬೊಕ್ಕಸಕ್ಕೆ ಕೋಟಿಗಟ್ಟಲೆ ನಷ್ಟ ತರುವವರು ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಕಾಯ್ದೆಯ ಅತಿ ದೊಡ್ಡ ಲೋಪ ಇದೇ. ಪ್ರಾಮಾಣಿಕ ಅಧಿಕಾರಿ ಭಯವಿಲ್ಲದೆ ತೀರ್ಮಾನಿಸುವಂತಿರಬೇಕೆಂಬ ವಾದ ಸುಳ್ಳಲ್ಲ. ಆದರೆ ಅನುಮತಿ ನೀಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇರಬಾರದು.

ತನಿಖಾ ಸಂಸ್ಥೆ ಯಾರ ಅಧೀನದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕರ್ನಾಟಕದಲ್ಲಿ 2016ರಲ್ಲಿ ಲೋಕಾಯುಕ್ತ ಪೊಲೀಸರಿಂದ ಈ ಕಾಯ್ದೆಯಡಿಯ ತನಿಖಾಧಿಕಾರವನ್ನು ಹಿಂಪಡೆದು, ಸರ್ಕಾರದ ಅಧೀನದಲ್ಲಿದ್ದ ಭ್ರಷ್ಟಾಚಾರ ನಿಗ್ರಹ ದಳಕ್ಕೆ ವಹಿಸಲಾಯಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದುಪಡಿಸಬೇಕಾಯಿತು.

ಒತ್ತಾಯಕ್ಕೆ ಮಣಿದು ಲಂಚ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ, ಲಂಚ ಕೊಟ್ಟ ಅಪರಾಧಕ್ಕೆ ಅವರು ಗುರಿಯಾಗುವುದಿಲ್ಲ ಎಂಬುದನ್ನೂ ನಾಗರಿಕರು ತಿಳಿದಿರಬೇಕು.