ಒಂದು ಸಲಕ್ಕೆ ಹನ್ನೆರಡೇ ಫೋಟೊ

ಓದುಗರೊಬ್ಬರು ಬರೆದಿದ್ದಾರೆ: “ಮಗಳಿಗೆ ಐದು ವರ್ಷ, ಮಗನಿಗೆ ಎಂಟು. ರಜೆಯ ದಿನ ಅರ್ಧ ಗಂಟೆ ಮೊಬೈಲ್ ಕೊಟ್ಟರೆ ಇನ್ನೂರು ಫೋಟೊ ತೆಗೆಯುತ್ತಾರೆ, ಮುಕ್ಕಾಲುಪಾಲು ಮಸುಕು. ಎಲ್ಲರೂ ಕೂಡಿ ಮಾಡುವ ಹವ್ಯಾಸವಾಗಲಿ ಎಂದು ಶುರುಮಾಡಿದ್ದು, ನನ್ನ ಗದರಾಟದಲ್ಲಿ ಮುಗಿಯುತ್ತದೆ. ಮಕ್ಕಳಿಗೆಂದೇ ಮಾರುವ ಕ್ಯಾಮೆರಾ ಕೊಡಿಸಲೇ? ಮನೆಯಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಇದೆ, ಆದರೆ ಹೊಸ ಮೆಮೊರಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಎನ್ನುತ್ತದೆ.”

ಸಂಪಾದಕರ ಉತ್ತರ:

ಹೊಸದು ಬೇಡ, ಹಳೆಯದನ್ನೇ ಈಚೆಗೆ ತೆಗೆಯಿರಿ. ಅದು ಕೆಟ್ಟಿರಲಿಕ್ಕಿಲ್ಲ, ಕಾರ್ಡಿನ ಜಿಬಿ ಹೆಚ್ಚಾಗಿರಬಹುದು. ಕ್ಯಾಮೆರಾದ ಮೇಲೆ ಬರೀ ‘ಎಸ್‌ಡಿ’ ಗುರುತಿದ್ದರೆ 2 ಜಿಬಿವರೆಗಿನ ಕಾರ್ಡ್, ‘ಎಸ್‌ಡಿಎಚ್‌ಸಿ’ ಎಂದಿದ್ದರೆ 32 ಜಿಬಿವರೆಗಿನದು. ಸರಿಯಾದುದನ್ನು ಹಾಕಿ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಸಿದ್ಧಮಾಡಿಕೊಳ್ಳಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ. ಮಕ್ಕಳ ಕ್ಯಾಮೆರಾಗಳ ಡಬ್ಬಿಯ ಮೇಲೆ ಮೆಗಾಪಿಕ್ಸೆಲ್ ಎಷ್ಟೇ ಬರೆದಿರಲಿ, ಅನೇಕವುಗಳಲ್ಲಿ ಫೋಕಸ್ ಒಂದೇ ದೂರಕ್ಕೆ ನಿಂತುಬಿಟ್ಟಿರುತ್ತದೆ. ಮಕ್ಕಳಿಗೋ ಇರುವೆಯ ಹತ್ತಿರ ಹೋಗುವ ಆಸೆ! ಅಲ್ಲಿಯೇ ಅದು ಕೈಕೊಡುವುದು.

ಇನ್ನು ಮಸುಕಿನ ವಿಚಾರ. ಎಲ್ಲ ಮಸುಕೂ ಒಂದೇ ಅಲ್ಲ, ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಕಾರಣ ಅದರಲ್ಲಿಯೇ ಸಿಗುತ್ತದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಗೋಡೆ ಸ್ಪಷ್ಟವಾಗಿದ್ದು ತಂಗಿ ಮಾತ್ರ ಎಳೆದಂತಿದ್ದರೆ ಅಲುಗಿದವಳು ತಂಗಿ. ಹಿಂದಿನದು ಸ್ಪಷ್ಟ, ಮುಂದಿನ ಹೂವು ಮಾತ್ರ ಮಂಜು ಎಂದರೆ ತೀರಾ ಹತ್ತಿರ ಹೋಗಿದ್ದಾರೆ. ಎಲ್ಲ ಕಡೆ ಹಾಲು ಚೆಲ್ಲಿದಂತಿದ್ದು ದೀಪದ ಸುತ್ತ ಬೆಳಕು ಹರಡಿದ್ದರೆ ಲೆನ್ಸಿನ ಮೇಲೆ ಬೆರಳಿನ ಜಿಡ್ಡು. ಮೊಬೈಲಿನಲ್ಲಿ ಇದೇ ಹೆಚ್ಚು, ಮೆತ್ತನೆಯ ಒಣ ಹತ್ತಿ ಬಟ್ಟೆ ಸಾಕು.

ಚಿಕ್ಕ ಮಕ್ಕಳ ಕೈ ಅಲುಗುವುದು ಬಟನ್ ಒತ್ತುವ ಹೊತ್ತಿಗೆ. ಅವರು ಒತ್ತುವುದಿಲ್ಲ, ಕುಕ್ಕುತ್ತಾರೆ; ಕ್ಯಾಮೆರಾ ಮೂತಿ ಕೆಳಗೆ ಮಾಡುತ್ತದೆ. ಇದಕ್ಕೆ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬಟನ್ ಕುಕ್ಕಿ, “ಒಂದು, ಎರಡು” ಎಂದು ಎಣಿಸುವಷ್ಟರಲ್ಲಿ ಕೈ ನಿಂತಿರುತ್ತದೆ. ಐದರ ಮಗಳಿಗೆ ಇದು ಸಾಕು. ಎಂಟರ ಮಗನಿಗೆ ಬಟನ್ ಅರ್ಧ ಒತ್ತಿ, ಫೋಕಸ್ ಕೂತಿತು ಎನ್ನುವ ಹಸಿರು ಚೌಕ ಬರುವವರೆಗೆ ಕಾಯುವುದನ್ನು ಕಲಿಸಬಹುದು. ಹತ್ತಿರದ ವಸ್ತುವಿಗೆ ಹೂವಿನ ಗುರುತಿನ ಮ್ಯಾಕ್ರೊ ಮೋಡ್. ಓಡುವವರನ್ನು ಹಿಡಿಯಲು ಸ್ಪೋರ್ಟ್ಸ್ ಮೋಡ್, ಅಥವಾ 1/500 ಸೆಕೆಂಡ್ ಷಟರ್ (ಬೆಳಕನ್ನು ಒಳಗೆ ಬಿಡುವ ಹೊತ್ತು). ಅದಕ್ಕೆ ಹಗಲು ಬೆಳಕು ಬೇಕು. ಸಂಜೆ ಕೋಣೆಯೊಳಗೆ ಮಾಡಲು ಹೊರಟರೆ ಯಾರಿಗೂ ಬಾರದು. ಐದು ವರ್ಷದವರಿಗೆ ಒಂದು ಕಣ್ಣು ಮುಚ್ಚಿ ಕ್ಯಾಮೆರಾದ ಕಿಂಡಿಯಲ್ಲಿ ನೋಡುವುದು ಕಷ್ಟ, ಪರದೆಯನ್ನೇ ನೋಡಲಿ. ಕ್ಯಾಮೆರಾದ ಪಟ್ಟಿ ಮಾತ್ರ ಮಣಿಕಟ್ಟಿನಲ್ಲಿರಲಿ.

ಇನ್ನೂರಕ್ಕೆ ಬದಲು ಹನ್ನೆರಡು ಎಂದು ಲೆಕ್ಕ ಹಾಕಿಕೊಳ್ಳಿ. ‘120’ ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ ಚೌಕ ಚಿತ್ರಗಳು ಬರುವುದು ಹನ್ನೆರಡೇ. 1900ರಲ್ಲಿ ಕೊಡಕ್ ಕಂಪನಿ ಮಕ್ಕಳನ್ನೂ ಮನಸ್ಸಿನಲ್ಲಿಟ್ಟು ತಂದ ಬ್ರೌನಿ ಡಬ್ಬಿ ಕ್ಯಾಮೆರಾದಲ್ಲಂತೂ ರೋಲಿಗೆ ಆರು. ತೆಗೆದದ್ದನ್ನು ಅಲ್ಲೇ ಅಳಿಸಿ ಇನ್ನೊಂದು ತೆಗೆಯುವಂತಿಲ್ಲ. ಹೀಗೆ ಕಟ್ಟು ಹಾಕಿದರೆ ಮಕ್ಕಳು ಒತ್ತುವ ಮುಂಚೆ ನೋಡಲು ಶುರುಮಾಡುತ್ತಾರೆ.

ಜತೆಗೆ ಒಂದು ವಿಷಯ ಕೊಡಿ: ಒಂದೇ ಕುರ್ಚಿ ಪೂರ್ತಿಯಾಗಿ, ಅರ್ಧ, ಬರೀ ಅದರ ಕಾಲುಗಳು; ಇಲ್ಲವೇ ಒಂದೇ ಗಿಡದ ನೆರಳು ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅದೇ ವಿಷಯಕ್ಕೆ ನೀವೂ ಹನ್ನೆರಡು ತೆಗೆಯಬೇಕು. ಕೂಡಿ ಮಾಡುವುದೆಂದರೆ ಇದು. ಹಿಂದೆ ನಿಂತು ತಿದ್ದುವುದಲ್ಲ. “ತಲೆ ಕತ್ತರಿಸಿಹೋಯ್ತು” ಎನ್ನಬೇಡಿ. ಅವರ ಕಣ್ಣಿರುವುದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ನಿಂತ ದೊಡ್ಡವರಲ್ಲಿ ಅವರಿಗೆ ನೇರ ಕಾಣುವುದು ಹೊಟ್ಟೆ. ತಲೆ ಬೇಕಿದ್ದರೆ ನೀವು ಕೂತುಕೊಳ್ಳಿ.

ಅಂದೇ ಸಂಜೆ ಎಲ್ಲರ ಫೋಟೊಗಳನ್ನೂ ಒಟ್ಟಿಗೆ ಹಾಕಿ ನೋಡಿ. ಪ್ರತಿಯೊಬ್ಬರೂ ತಮ್ಮದರಲ್ಲಿ ಎರಡನ್ನು ಆರಿಸಲಿ. “ಚೆನ್ನಾಗಿದೆ” ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ; “ಇದರಲ್ಲಿ ನೀನು ಮೊದಲು ಕಂಡದ್ದೇನು?” ಎಂದು ಕೇಳಿ. ನಿಮ್ಮ ಫೋಟೊಗಳನ್ನೂ ಅವರು ಹೀಗೆ ವಿಚಾರಿಸಲಿ. ಸ್ವಲ್ಪ ಮುಜುಗರವಾಗುತ್ತದೆ, ಆಗಲಿ.

ಆರಿಸಿದ ಎರಡನ್ನು ಪ್ರಿಂಟ್ ಹಾಕಿಸಿ. 4×6 ಅಂಗುಲಕ್ಕೆ 1800×1200 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. ಹಳೆಯ ಕ್ಯಾಮೆರಾಕ್ಕೆ ಅದೇನು ದೊಡ್ಡದಲ್ಲ. ತೊಂದರೆ ಬೇರೆ ಕಡೆ ಇದೆ. ಇಂಥ ಕ್ಯಾಮೆರಾಗಳ ಚಿತ್ರದ ಅಗಲ-ಎತ್ತರದ ಪ್ರಮಾಣ ಸಾಮಾನ್ಯವಾಗಿ 4:3, ಕಾಗದದ್ದು 3:2. ಅಂಚಿನವರೆಗೆ ತುಂಬಿಸಿದರೆ ಅಡ್ಡ ಚಿತ್ರದ ಮೇಲೆ ಕೆಳಗೆ ಸೇರಿ ಒಂಬತ್ತರಲ್ಲಿ ಒಂದು ಪಾಲು ಹೋಗುತ್ತದೆ. ಮಗು ತಲೆ ಉಳಿಸಿದ್ದರೂ ಅಂಗಡಿಯಲ್ಲಿ ಕತ್ತರಿ ಬೀಳಬಹುದು! “ಕ್ರಾಪ್ ಬೇಡ, ಬಿಳಿ ಅಂಚು ಬಿಡಿ” ಎಂದು ಮೊದಲೇ ಹೇಳಿ. ಹಿಂಬದಿಯಲ್ಲಿ ಹೆಸರು, ತಾರೀಕು ಅವರೇ ಬರೆಯಲಿ. ಬಾಲ್‌ಪೆನ್ ಒತ್ತಿ ಬರೆದರೆ ಮುಂಬದಿಗೆ ಉಬ್ಬು ಮೂಡುತ್ತದೆ, ಅದಕ್ಕೆ ತೆಳು ಮಾರ್ಕರ್ ಕೊಡಿ. ಶಾಯಿ ಪೂರ್ತಿ ಒಣಗುವ ಮುಂಚೆ ಒಂದರ ಮೇಲೊಂದು ಪೇರಿಸಬೇಡಿ.