ಟವೆಲ್ಲಿನ ಕೆಳಗಿನ ಬೆರಳು

ಓದುಗರ ಪತ್ರ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ, ಬೇರೆ ಕೆಲಸ ಹುಡುಕುತ್ತಿದ್ದೇನೆ. ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಯವರು ಫೋನ್ ಮಾಡಿದಾಗಲೆಲ್ಲ ‘ಇನ್ನು ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ, ಕೈಯಲ್ಲಿ ಎಷ್ಟು ಆಫರ್ ಇವೆ’ ಎಂದು ಕೇಳುತ್ತಾರೆ. ಒಬ್ಬರಿಗೆ ಎಲ್ಲವನ್ನೂ ಹೇಳಿದೆ. ನಾನು ಹೆಸರಿಸಿದ್ದ ಕಂಪನಿಗೆ ಅವರು ಕೆಲವೇ ದಿನಗಳಲ್ಲಿ ಬೇರೆ ಇಬ್ಬರನ್ನು ಕಳುಹಿಸಿದರು. ನಿವೃತ್ತ ಮೇಷ್ಟರಾದ ನನ್ನ ತಂದೆ ‘ಕೇಳಿದ್ದಕ್ಕೆ ನಿಜ ಹೇಳು’ ಎನ್ನುತ್ತಾರೆ. ಗೆಳೆಯರು ‘ಎರಡು ಆಫರ್ ಇವೆ ಎಂದುಬಿಡು’ ಎನ್ನುತ್ತಾರೆ. ಹೇಳದೆ ಇರುವುದು ಧರ್ಮರಾಯನ ಅರ್ಧಸತ್ಯವಾಗುವುದಿಲ್ಲವೇ?
– ಹೆಸರು ಬೇಡ, ದಾವಣಗೆರೆಯವನು

ಸಂಪಾದಕರ ಉತ್ತರ:

ಪಾಪ, ಧರ್ಮರಾಯನನ್ನು ಈ ವ್ಯವಹಾರಕ್ಕೆ ಎಳೆಯಬೇಡಿ. ಎದುರಿಗಿದ್ದವರು ತಪ್ಪು ತಿಳಿಯಲಿ ಎಂದೇ ಅವನು ಬಾಯಿ ತೆರೆದದ್ದು. ಅದಕ್ಕೇ ರಥ ನೆಲಕ್ಕಿಳಿಯಿತು. ‘ಆ ವಿವರ ಹೇಳಲಾರೆ ಸ್ವಾಮಿ’ ಎಂದು ಮುಖಕ್ಕೆ ಹೇಳುವವರ ರಥಕ್ಕೆ ಏನೂ ಆಗುವುದಿಲ್ಲ. ನಿಮ್ಮ ತಂದೆಯವರ ಮಾತಿನ ಮೇಲೆ ನನಗೆ ಗೌರವವಿದೆ. ಆದರೆ ತರಗತಿಯಲ್ಲಿ ಪ್ರಶ್ನೆ ಕೇಳುವ ಮೇಷ್ಟರಿಗೆ ನಿಮ್ಮ ಉತ್ತರವನ್ನು ಮಾರಿಕೊಳ್ಳುವ ಉದ್ದೇಶ ಇರುವುದಿಲ್ಲ.

ಎದುರು ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲಷ್ಟೇ ಕನ್ಸಲ್ಟೆನ್ಸಿಗೆ ಕಂಪನಿಯಿಂದ ಹಣ. ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ, ಈ ದಂಧೆಯಲ್ಲಿ ಸಾಮಾನ್ಯ ದರ. ನಮ್ಮ ಐಟಿ ಕಂಪನಿಗಳ ನೋಟಿಸ್ ಅವಧಿ ಹಲವೆಡೆ 90 ದಿನ. ಆ ಮೂರು ತಿಂಗಳಲ್ಲಿ ಇನ್ನೂ ಎರಡು ಆಫರ್ ಹಿಡಿದು, ಸೇರಬೇಕಾದ ದಿನ ಮೊಬೈಲ್ ಆರಿಸಿ ಕುಳಿತುಕೊಳ್ಳುವ ಮಹನೀಯರೂ ಇದ್ದಾರೆ. ಹೀಗಾಗಿ ಕನ್ಸಲ್ಟೆನ್ಸಿಯಿಂದ ಫೋನ್ ಮಾಡುವವರ ಆತಂಕ ಸುಳ್ಳಲ್ಲ. ಅದನ್ನು ಒಪ್ಪಿದೆ, ಇನ್ನು ನಿಮ್ಮ ಕಡೆಗೆ ಬರುತ್ತೇನೆ.

ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೀವು ನೋಡದಿದ್ದರೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕೊಳ್ಳುವವರು ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ಸುಳಿ ಹುಡುಕುತ್ತಾರೆ. ಯಾವುದಕ್ಕೂ ತಕರಾರಿಲ್ಲ. ಬೆಲೆಯ ಮಾತು ಬಂದಾಗ ಮಾತ್ರ ದಲ್ಲಾಳಿಯ ಹೆಗಲಿನ ಟವೆಲ್ ಇಬ್ಬರ ಕೈಗಳ ಮೇಲೆ ಬೀಳುತ್ತದೆ. ಅದರ ಕೆಳಗೆ ಬೆರಳು ಹಿಡಿದು ಒತ್ತಿದ್ದೇ ಲೆಕ್ಕ. ಮುಖದಲ್ಲಿ ಏನೂ ಕಾಣಿಸುವುದಿಲ್ಲ, ಕತ್ತು ಮಾತ್ರ ಅಡ್ಡಡ್ಡ ಆಡುತ್ತದೆ. ಪಕ್ಕದಲ್ಲಿ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಆ ಟವೆಲ್. ಇದನ್ನು ಮೋಸವೆಂದು ಇಡೀ ಜಾತ್ರೆಯಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮ ಕೆಲಸದ ಹಲ್ಲನ್ನು ಅವರು ಎಣಿಸಲಿ: ಯಾವ ಟೂಲ್ ಬಲ್ಲಿರಿ, ಎಷ್ಟು ವರ್ಷದ ಅನುಭವ, ಏಕೆ ಬಿಡುತ್ತಿದ್ದೀರಿ. ಬೇರೆಯವರು ಯಾವ ಬೆರಳು ಒತ್ತಿದರು ಎಂದು ಕೇಳಿದಾಗ ಟವೆಲ್ ಎತ್ತುವ ಅಗತ್ಯವಿಲ್ಲ.

ನೀವು ಎತ್ತಿದಿರಿ. ಆಮೇಲೆ ಆದದ್ದನ್ನು ನೀವೇ ಬರೆದಿದ್ದೀರಿ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಆದರೆ ಯಾವ ಕಂಪನಿಯಲ್ಲಿ ಯಾವ ಹುದ್ದೆ ಖಾಲಿ ಇದೆ ಎಂಬುದೇ ಕನ್ಸಲ್ಟೆನ್ಸಿಗೆ ಬಂಡವಾಳ. ‘ಎಲ್ಲೆಲ್ಲಿ ಇಂಟರ್‌ವ್ಯೂ ನಡೆಯುತ್ತಿದೆ’ ಎಂಬ ಕುಶಲೋಪರಿಯ ಪ್ರಶ್ನೆಯಿಂದ ಆ ಬಂಡವಾಳ ಪುಕ್ಕಟೆಯಾಗಿ ಸಿಗುತ್ತದೆ. ಸುಳ್ಳು ಹೇಳಲು ಮನಸ್ಸು ಒಪ್ಪದೆ ಪತ್ರಿಕೆಗೆ ಪತ್ರ ಬರೆಯುವಂಥ ಹುಡುಗರು ಈಗಲೂ ಇದ್ದಾರೆ ಎಂದು ನನಗೇನೋ ಸಂತೋಷವೇ ಆಯಿತು. ಆದರೆ ಪ್ರಾಮಾಣಿಕತೆಗೂ ಬಾಯಿಬಡುಕತನಕ್ಕೂ ನಡುವೆ ಒಂದು ಬೇಲಿ ಹಾಕಿಕೊಳ್ಳಿ.

ಕೆಳಗಿನವರು ಎದೆ ಬಗೆದು ತೋರಿಸಬೇಕು, ಮೇಲಿನವರು ತುಟಿ ಬಿಚ್ಚಬಾರದು ಎಂಬ ಏರ್ಪಾಡಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಅಮೆರಿಕದ ಸಿಲಿಕಾನ್ ಕಣಿವೆಯ ಕಥೆ ಕೇಳಿ. ಆಪಲ್, ಗೂಗಲ್, ಇಂಟೆಲ್, ಅಡೋಬಿಯಂಥ ಕಂಪನಿಗಳು ‘ಕೆಲಸ ಕೊಡುತ್ತೇವೆಂದು ನಿಮ್ಮವರಿಗೆ ನಾವು ಫೋನ್ ಮಾಡುವುದಿಲ್ಲ, ನಮ್ಮವರಿಗೆ ನೀವು ಮಾಡಬೇಡಿ’ ಎಂದು ಒಳಗೊಳಗೇ ಮಾತಾಡಿಕೊಂಡಿದ್ದವು. 2007ರಲ್ಲಿ ಗೂಗಲ್‌ನ ನೇಮಕಾತಿಯವರೊಬ್ಬರು ಆಪಲ್‌ನ ಎಂಜಿನಿಯರನ್ನು ಸೆಳೆಯಲು ಹೋದದ್ದಕ್ಕೆ ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಇಮೇಲ್‌ನಲ್ಲಿ ಆಕ್ಷೇಪಿಸಿದರು. ಆ ನೇಮಕಾತಿಯವರನ್ನು ಕೆಲಸದಿಂದ ತೆಗೆದುಹಾಕುತ್ತೇವೆ ಎಂದು ಗೂಗಲ್ ಉತ್ತರಿಸಿತು. ಅದನ್ನು ಓದಿದ ಜಾಬ್ಸ್ ಒಂದು ನಗುಮುಖದ ಚಿಹ್ನೆ ಹಾಕಿದರು, ಅಷ್ಟೇ. ಒಬ್ಬರ ಅನ್ನ ಹೋದದ್ದಕ್ಕೆ ಒಂದು ನಗುಮುಖ! 2010ರಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ಈ ಒಪ್ಪಂದಗಳಿಗೆ ತಡೆ ಹಾಕಿತು. ಅರವತ್ತು ಸಾವಿರಕ್ಕೂ ಹೆಚ್ಚು ನೌಕರರ ಪರವಾಗಿ ನಡೆದ ಮೊಕದ್ದಮೆ 2015ರಲ್ಲಿ 41.5 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿಯಿತು. ಅಂಥ ಗುಟ್ಟು ಕಟ್ಟಿಕೊಂಡವರ ಲೋಕದಲ್ಲಿ ನಿಮ್ಮ ಮೌನ ಯಾವ ಲೆಕ್ಕ?

ಹಾಗೆಂದು ಗೆಳೆಯರ ಮಾತೂ ಬೇಡ. ಇಲ್ಲದ ಆಫರ್ ಇದೆ ಎಂದರೆ ‘ಪ್ರತಿ ಕಳುಹಿಸಿ’ ಎನ್ನುತ್ತಾರೆ, ಆಗ ಒಂದು ಸುಳ್ಳಿಗೆ ಮತ್ತೊಂದು ಬೇಕಾಗುತ್ತದೆ. ಹಳೆಯ ನೌಕರಿಗಳ ವಿಷಯವಂತೂ ಭವಿಷ್ಯನಿಧಿ (ಪಿಎಫ್) ಖಾತೆಯ ಯುಎಎನ್ ಸಂಖ್ಯೆಯ ದಾಖಲೆಯಲ್ಲೇ ಕುಳಿತಿರುತ್ತದೆ. ಒಂದು ಸಂಗತಿಯನ್ನು ಮಾತ್ರ ಕೇಳುವ ಮುಂಚೆಯೇ ಹೇಳಬೇಕು: ಅವರು ಕಳುಹಿಸಲು ಹೊರಟಿರುವ ಕಂಪನಿಗೆ ನಿಮ್ಮ ರೆಸ್ಯೂಮ್ ಈಗಾಗಲೇ ಹೋಗಿದ್ದರೆ, ಹೋಗಿದೆ ಎಂದು. ಇಬ್ಬರು ಏಜೆಂಟರ ಮೂಲಕ ಒಂದೇ ಹೆಸರು ಹೋದರೆ ಕಮಿಷನ್ ಜಗಳ ಯಾರಿಗೆ ಬೇಕೆಂದು ಕಂಪನಿ ನಿಮ್ಮನ್ನೇ ಬದಿಗಿಡುವುದುಂಟು. ಅದಕ್ಕೇ ‘ನನ್ನನ್ನು ಕೇಳದೆ ಎಲ್ಲಿಗೂ ಕಳುಹಿಸಬೇಡಿ’ ಎಂದು ಬರಹದಲ್ಲಿ ತಿಳಿಸಿ. ನಿಜವಾದ ಆಫರ್ ಕೈಯಲ್ಲಿದ್ದು ಅದಕ್ಕೆ ಗಡುವಿದ್ದರೆ ಗಡುವಿನ ದಿನಾಂಕ ಹೇಳಿ, ಕೆಲಸ ಚುರುಕಾಗುತ್ತದೆ. ಕಂಪನಿಯ ಹೆಸರು, ಮೊತ್ತ ನಿಮ್ಮಲ್ಲೇ ಇರಲಿ.

ಈಗಿನ ಸಂಬಳ ಎಷ್ಟು ಎಂಬ ಪ್ರಶ್ನೆಯೂ ಇದೇ ಜಾತಿಯದು. ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ 2018ರಿಂದ ಅದನ್ನು ಕೇಳುವುದೇ ಕಾನೂನಿಗೆ ವಿರುದ್ಧ. ಯುರೋಪಿನ ಒಕ್ಕೂಟವೂ 2023ರಲ್ಲಿ ಅಂಥದ್ದೇ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ ಮೂರು ತಿಂಗಳ ಪೇಸ್ಲಿಪ್ ಕೊಡದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹಳೆಯ ಕಂಪನಿ ಕಡಿಮೆ ಕೊಟ್ಟಿದ್ದರೆ ಹೊಸ ಕಂಪನಿಯೂ ಅದರ ಮೇಲೆ ಒಂದಿಷ್ಟು ಶೇಕಡಾ ಸೇರಿಸಿ ಕೈತೊಳೆದುಕೊಳ್ಳುತ್ತದೆ.

ಇಷ್ಟಕ್ಕೂ ನಾವು ಕೇಳಿದ್ದನ್ನೆಲ್ಲ ಕೊಟ್ಟು ಅಭ್ಯಾಸವಾದವರು. ಕರವಸ್ತ್ರ ಕೊಂಡರೂ ಬಿಲ್ ಕೌಂಟರಿನಲ್ಲಿ ಮೊಬೈಲ್ ಸಂಖ್ಯೆ ಕೇಳುತ್ತಾರೆ, ನಾವು ಮಗ್ಗಿಯಂತೆ ಒಪ್ಪಿಸುತ್ತೇವೆ. ಹಾಗೆ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವಾಲಯ 2023ರಲ್ಲೇ ಅಂಗಡಿಗಳಿಗೆ ಸೂಚಿಸಿತ್ತು. ಕೌಂಟರಿನ ಹುಡುಗನಿಗೆ ಅದನ್ನು ಹೇಳಿದರೆ ಅವನು ನನ್ನನ್ನು ಮರುಳನೆಂಬಂತೆ ನೋಡುತ್ತಾನೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಿಂದ 2017ರಲ್ಲಿ ಹೇಳಿಸಿದ ಮೊಕದ್ದಮೆ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಆ ತೀರ್ಪು ಕನ್ಸಲ್ಟೆನ್ಸಿಯ ಫೋನಿಗೆ ನೇರವಾಗಿ ಅನ್ವಯಿಸುವುದಿಲ್ಲ, ಬಲ್ಲೆ. ಆದರೂ ಆ ವಯಸ್ಸಿನವರು ಸರ್ಕಾರಕ್ಕೇ ‘ಏಕೆ ಕೊಡಬೇಕು’ ಎಂದು ಕೇಳಿದ ನಾಡಿನಲ್ಲಿ, ಕಮಿಷನ್ ಏಜೆಂಟರ ಮುಂದೆ ನಾವು ನಾಲಿಗೆ ತೊದಲುತ್ತೇವೆ.

ಮುಂದಿನ ಫೋನ್ ಬಂದಾಗ ‘ಬೇರೆ ಕಡೆಯೂ ಮಾತುಕತೆ ನಡೆಯುತ್ತಿದೆ, ಹೆಸರು ಹೇಳುವುದಿಲ್ಲ’ ಎನ್ನಿ. ಕೂಡಲೇ ನೀವೇ ಕೇಳಿ: ಈ ಹುದ್ದೆಗೆ ಕಂಪನಿ ಎಷ್ಟು ತೆಗೆದಿಟ್ಟಿದೆ, ಹಿಂದಿನವರು ಏಕೆ ಬಿಟ್ಟರು, ಇನ್ನೂ ಎಷ್ಟು ಜನರನ್ನು ಕಳುಹಿಸುತ್ತಿದ್ದೀರಿ? ಸಿಗುವ ಉತ್ತರಗಳನ್ನು ನನಗೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಮಾಡುತ್ತೇನೆ.