ಮೂರು ವರ್ಷಕ್ಕೊಮ್ಮೆ ಹಳತಾಗುವ ಕಾಗದ

ತಮಾ, ನಿನ್ನ ಪ್ರಶ್ನೆ ಓದಿದೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಅಮೆರಿಕದ ಮೇರಿಲ್ಯಾಂಡಿಗೆ ಹೋಗಿ ಮರ ಸವರುವ ಕಂಪನಿ ಸೇರಿದ್ದೀಯ. ಈಗ ಮರದ ಆರೈಕೆಯ ಸರ್ಟಿಫಿಕೇಟಿಗೆ ಮತ್ತೆ ಪರೀಕ್ಷೆ, ಮೇಲಿಂದ ಮೂರು ವರ್ಷಕ್ಕೊಮ್ಮೆ ನವೀಕರಣ, ಇದೆಲ್ಲ ಸುಮ್ನೆ ದುಡ್ಡು ಕೀಳುವ ದಾರಿ ಅಲ್ವಾ ಎಂದು ಕೇಳಿದ್ದೀಯ. ಅರ್ಧ ಹೌದು, ಅರ್ಧ ಅಲ್ಲ. ನಾನೀಗ ರಜೆಯಲ್ಲಿ ಊರಲ್ಲಿದ್ದೇನೆ, ಹೊರಗೆ ಜಡಿಮಳೆ, ಬರೆಯಲು ಪುರಸೊತ್ತಿದೆ.

ಮೊದಲು ಲೆಕ್ಕ. ಮರದ ಆರೈಕೆ ಮಾಡುವವರ ಅಂತರರಾಷ್ಟ್ರೀಯ ಸಂಸ್ಥೆ ಐಎಸ್ಎ. ಅದರ ಸರ್ಟಿಫೈಡ್ ಆರ್ಬರಿಸ್ಟ್, ಅಂದರೆ ಮರದ ಆರೈಕೆ ಬಲ್ಲವನು ಎಂಬ ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿರಬೇಕು. ಅರಣ್ಯಶಾಸ್ತ್ರದ ಡಿಗ್ರಿ ಇದ್ದರೆ ಒಂದು ವರ್ಷ ಸಾಕು. ಹಾಗಾಗಿ ನಿನ್ನ ಶಿರಸಿಯ ಓದು ಹಾಳಾಗಿಲ್ಲ. 200 ಪ್ರಶ್ನೆ, ಮೂರೂವರೆ ತಾಸು. ಪಾಸಾದ ಮೇಲೆ ಮೂರು ವರ್ಷದೊಳಗೆ 30 ಕಲಿಕೆಯ ಯೂನಿಟ್ ಕೂಡಿಸಬೇಕು, ಇಲ್ಲವೇ ಪರೀಕ್ಷೆಯನ್ನೇ ಇನ್ನೊಮ್ಮೆ ಬರೆಯಬೇಕು. ಮೇರಿಲ್ಯಾಂಡಿನಲ್ಲಿ ಮರದ ಧಂದೆ ನಡೆಸಲು ಸರ್ಕಾರದ್ದೇ ಬೇರೆ ಲೈಸೆನ್ಸ್ ಬೇಕು. ಇದು ಒಳ್ಳೆಯದೇ, ಏಕೆಂದರೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಒಂದು ಗರಗಸ, ಒಂದು ಪಿಕಪ್ ಗಾಡಿ ಇದ್ದರೆ ಯಾರು ಬೇಕಾದರೂ ಮರದ ಪಂಡಿತ.

ಕಲಿತದ್ದನ್ನೇ ಮತ್ತೆ ಮತ್ತೆ ಯಾಕೆ ಕಲಿಯಬೇಕು ಅಂದೆಯಲ್ಲ. ತೋಟಕ್ಕೆ ಸೊಪ್ಪು ತರುವ ನಮ್ಮ ಮನೆ ಸೊಪ್ಪಿನಬೆಟ್ಟದಲ್ಲಿ ಮತ್ತಿ ಮರದ ಕೊಂಬೆ ಕಡಿದಾಗ ನಾವು ಗಾಯದ ಕಡೆ ನೋಡುತ್ತಲೇ ಇರಲಿಲ್ಲ. ಅಂಗಳದ ಮಾವಿನ ಮರವಾದರೆ ಮಾತ್ರ ಅಜ್ಜ ಸಗಣಿ ಮೆತ್ತುತ್ತಿದ್ದ. ಅಮೆರಿಕದವರೂ ಇದಕ್ಕಿಂತ ಬುದ್ಧಿವಂತರಾಗಿರಲಿಲ್ಲ. ಅವರು ಕಪ್ಪು ಬಣ್ಣ ಬಳಿಯುತ್ತಿದ್ದರು, ಕೊಂಬೆಯನ್ನು ಕಾಂಡಕ್ಕೆ ಸಮ ಕತ್ತರಿಸುತ್ತಿದ್ದರು. ಅಲ್ಲಿನ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದ. ಮರದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ, ಮರ ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ ಎಂದು 1977ರಲ್ಲಿ ಬರೆದ. ಕೊಂಬೆಯ ಬುಡದ ಉಬ್ಬನ್ನು ಬಿಟ್ಟು ಕತ್ತರಿಸಬೇಕು, ಬಣ್ಣದಿಂದ ಕೊಳೆ ನಿಲ್ಲುವುದಿಲ್ಲ ಎಂದೂ ಹೇಳಿದ. ಅಲ್ಲಿಗೆ 1975ರಲ್ಲಿ ಕಲಿತವನ ವಿದ್ಯೆಯ ಅರ್ಧ ಹೋಯಿತು ನೋಡು! ಅವನು ಮತ್ತೆ ಕ್ಲಾಸಿಗೆ ಹೋಗದಿದ್ದರೆ ಸಾಯುವ ತನಕ ಬಣ್ಣವನ್ನೇ ಬಳಿಯುತ್ತಿದ್ದ.

ನಿನ್ನ ಸಿಟ್ಟಿನಲ್ಲೂ ನ್ಯಾಯವಿದೆ. ಅಮೆರಿಕದಲ್ಲಿ ನಾನು ಮೊದಲು ಸೇರಿದ ಮರದ ಕಂಪನಿಯ ಯಜಮಾನನ ಗೋಡೆಯ ತುಂಬ ಸರ್ಟಿಫಿಕೇಟು. ಆದರೆ ಬದುಕಿರುವ ಓಕ್ ಮರವನ್ನು ಬರೀ ಸವರಲಿಕ್ಕೂ ನಮ್ಮನ್ನು ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿ ಹತ್ತಿಸುತ್ತಿದ್ದ. ಮರದ ಆರೈಕೆಗೆಂದು ಅಲ್ಲಿರುವ ಎ300 ನಿಯಮದಲ್ಲೇ ಹಾಗೆ ಮಾಡಬಾರದು ಎಂದಿದೆ, ಹೆಜ್ಜೆ ಹೆಜ್ಜೆಗೂ ತೊಗಟೆಗೆ ತೂತು. ಯೂನಿಟ್? ಮನೆಯಲ್ಲಿ ಕೂತು ಲೇಖನ ಓದಿ, ಕೊನೆಯ ಪ್ರಶ್ನೆಗಳಿಗೆ ಟಿಕ್ ಹಾಕಿ ಕೂಡಿಸುತ್ತಿದ್ದ. ಮೂರು ಸಲ ನವೀಕರಣವಾದರೂ ಹಗ್ಗ ಮುಟ್ಟಿದ್ದಿಲ್ಲ.

ಹಾಗಾಗಿ ಮಟ್ಟ ಏರಿಸಬೇಕು ಅನ್ನುವವರ ಜೊತೆ ನಾನಿದ್ದೇನೆ, ಆದರೆ 30 ಇದ್ದದ್ದನ್ನು 45 ಮಾಡಿ ಅನ್ನುವವರ ಜೊತೆ ಅಲ್ಲ. ಟಿಕ್ ಹಾಕುವವನು ಇನ್ನೂ ಹದಿನೈದು ಟಿಕ್ ಹಾಕುತ್ತಾನೆ, ಅಷ್ಟೇ. ಮೂವತ್ತರಲ್ಲಿ ಹತ್ತಾದರೂ ಮರದ ಕೆಳಗೆ ನಿಂತು ಗಳಿಸಬೇಕು. ಮೇಲೆ ಪ್ರಜ್ಞೆ ತಪ್ಪಿ ನೇತಾಡುವವನನ್ನು ಇಳಿಸುವುದನ್ನು ವರ್ಷಕ್ಕೊಮ್ಮೆ ಮಾಡಿ ತೋರಿಸಬೇಕು. ಮರ ಹತ್ತುವವರಿಗೆಂದೇ ಇರುವ ಕ್ಲೈಂಬರ್ ಸರ್ಟಿಫಿಕೇಟಿಗೆ ಕೈಕೆಲಸದ ಪರೀಕ್ಷೆ ಇದೆ, ಅದರಲ್ಲಿ ಇದೂ ಸೇರಿದೆ. ಆದರೆ ಜನ ಕೇಳುವುದು ಆರ್ಬರಿಸ್ಟ್ ಕಾಗದವನ್ನೇ, ಅದಕ್ಕೆ ಬರೀ ಪ್ರಶ್ನೆಪತ್ರಿಕೆ.

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರನ್ನು ನೋಡು. ಈಗ ಮಳೆ ಹೊಳವಾಗಲಿ ಎಂದು ಕಾಯುತ್ತಾ ಜಗುಲಿಯಲ್ಲಿ ಕೂತಿದ್ದಾರೆ, ಅಡಿಕೆಗೆ ಮದ್ದು ಹೊಡೆಯಬೇಕು. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ. ಮದ್ದು ಸರಿಯಾಗಿ ಬೀಳದಿದ್ದರೆ ಆ ಮರಕ್ಕೆ ಕೊಳೆ ರೋಗ ಬರುತ್ತದೆ, ಮುಂದಿನ ವರ್ಷ ಆ ಮನೆಯವರು ಬೇರೆಯವರನ್ನು ಕರೆಯುತ್ತಾರೆ. ಪ್ರತಿ ಮಳೆಗಾಲವೂ ಅವರಿಗೆ ಪರೀಕ್ಷೆ. ಆದರೆ ಬಿದ್ದರೆ? ಕೆಳಗೆ ಹಗ್ಗ ಹಿಡಿದು ಕಲಿತವರು ಯಾರೂ ಇಲ್ಲ. ಅದನ್ನು ನಾವು ಅಮೆರಿಕದವರಿಂದ ಕಲಿಯಬೇಕು, ಅದರಲ್ಲಿ ನಾಚಿಕೆ ಬೇಡ.

ನಿನಗೆ ಸದ್ಯ ಹೇಳುವುದು ಇಷ್ಟೇ. ಇವತ್ತಿನಿಂದಲೇ ಒಂದು ಪುಸ್ತಕ ಇಡು, ಯಾವ ದಿನ, ಯಾವ ಮರ, ಏನು ಕೆಲಸ ಎಂದು ಬರಿ. ಅನುಭವಕ್ಕೆ ಪತ್ರ ಬೇಕಾಗುತ್ತದೆ, ಕೊಡುವ ಹೊತ್ತಿಗೆ ಯಜಮಾನರಿಗೆ ಎಲ್ಲ ಮರೆತಿರುತ್ತದೆ. ಕರೆಂಟ್ ತಂತಿಯ 10 ಅಡಿ ಒಳಗೆ ಹೋಗು ಅಂದರೆ ಹೋಗಬೇಡ, ಅದಕ್ಕೆ ಬೇರೆಯೇ ತರಬೇತಿ ಆದವರಿದ್ದಾರೆ. ಬೈದರೆ ಬೈಯಲಿ. ಇನ್ನೂ ಮುಖ ಗಂಟಿಕ್ಕಿದರೆ ನನಗೆ ಫೋನ್ ಮಾಡು, ಚೌತಿ ಮುಗಿಸಿ ನಾನೂ ಅಲ್ಲಿಗೆ ಬರುತ್ತೇನೆ.